ಬಾಳೆಯ ಸೊರಗುರೋಗದ ಭೂವ್ಯಾಪ್ತಿ: ಒಂದು ಸಮೀಕ್ಷೆ

ಸಸ್ಯಗಳನ್ನು ಪೀಡಿಸುವ ವ್ಯಾಧಿಗಳಲ್ಲಿ ಕೆಲವು ಗಾಳಿಯನ್ನೇ ವಾಹನವಾಗಿ ಮಾಡಿಕೊಂಡು ಸಮುದ್ರಗಳನ್ನು ದಾಟುತ್ತವೆ. ಕೆಲವು ಕೀಟಗಳ ಮೈಗಂಟಿಕೊಂಡು ತೋಟದಿಂದ ತೋಟಕ್ಕೆ ಸಂಚರಿಸುತ್ತವೆ. ಮತ್ತೆ ಕೆಲವು ಮಳೆಹನಿ ಸಿಡಿದಷ್ಟು ದೂರಕ್ಕೆ ತಾವೂ ಸಿಡಿದು ಎಲೆಯಿಂದ ಎಲೆಗೆ ಹಬ್ಬುತ್ತವೆ. ಈ ಮೂರು ಬಗೆಯ ಸಂಚಾರಶಕ್ತಿಗಳಲ್ಲಿ ಯಾವುದೊಂದೂ ಗಣನೀಯವಾದ ಪ್ರಮಾಣದಲ್ಲಿ ಇಲ್ಲದ, ನೆಲದೊಳಗೆ ಬೇರಿನಿಂದ ಬೇರಿಗೆ ತೆವಳುವುದನ್ನು ಬಿಟ್ಟರೆ ಸ್ವಸಾಮರ್ಥ್ಯದಿಂದ ಎಲ್ಲಿಗೂ ಹೋಗಲಾರದ ಒಂದು ಶಿಲೀಂಧ್ರವು, ದಾಖಲೆಗೆ ಸಿಕ್ಕ ಒಂದೂವರೆ ಶತಮಾನದ ಅವಧಿಯಲ್ಲಿ ಏಷ್ಯಾ, ಆಸ್ಟ್ರೇಲಿಯಾ, ಆಫ್ರಿಕಾ ಮತ್ತು ಅಮೆರಿಕ ಖಂಡಗಳ ಬಾಳೆತೋಟಗಳನ್ನು ಹೊಕ್ಕು, ಒಂದು ಜಗದ್ವ್ಯಾಪಿಯಾದ ವಾಣಿಜ್ಯದ ಬುಡವನ್ನೇ ಒಮ್ಮೆ ಕಿತ್ತುಹಾಕಿ, ಈಗ ಎರಡನೆಯ ಬಾರಿ ಅದೇ ಕಾರ್ಯಕ್ಕೆ ತೊಡಗಿರುವುದು ಸಸ್ಯರೋಗಗಳ ಇತಿಹಾಸದಲ್ಲಿ ಅತ್ಯಂತ ವಿಚಾರಾರ್ಹವಾದ ಸಂಗತಿಗಳಲ್ಲೊಂದು. ಲೋಕದಲ್ಲಿ ಪನಾಮಾ ರೋಗವೆಂದೂ ನಮ್ಮ ರೈತರ ಬಾಯಲ್ಲಿ ಸೊರಗುರೋಗವೆಂದೂ ಪ್ರಸಿದ್ಧವಾಗಿರುವ ಈ ವ್ಯಾಧಿಯು ಎಲ್ಲಿಂದ ಹೊರಟು ಎಲ್ಲೆಲ್ಲಿಗೆ ತಲುಪಿತು, ಕಾಲಿಲ್ಲದ ಅದನ್ನು ಅಲ್ಲಲ್ಲಿಗೆ ಒಯ್ದವರು ಯಾರು, ಅದನ್ನು ತಡೆಯಲು ನಡೆದ ಯತ್ನಗಳು ಎಷ್ಟರಮಟ್ಟಿಗೆ ಫಲಿಸಿವೆ ಎಂಬುದನ್ನು ಸಮಗ್ರವಾಗಿ ಪರ್ಯಾಲೋಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬಾಳೆಯು ಸಸ್ಯಶಾಸ್ತ್ರದ ದೃಷ್ಟಿಯಿಂದ ಮರವಲ್ಲ, ಒಂದು ದೈತ್ಯಾಕಾರದ ಮೂಲಿಕೆ. ಅದರ ಕಾಂಡವೆಂದು ನಾವು ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡಗಳ ರಚನೆ. ನಿಜವಾದ ಕಾಂಡವು ನೆಲದೊಳಗಿರುವ ಗೆಡ್ಡೆ. ರೋಗದ ಪ್ರವೇಶವಾಗುವುದು ಈ ಗೆಡ್ಡೆಯಿಂದ ಹೊರಟ ಎಳೆಯ ಬೇರುಗಳ ಮೂಲಕ. ಫ್ಯುಸೇರಿಯಂ ಎಂಬ ಕುಲಕ್ಕೆ ಸೇರಿದ ಈ ಶಿಲೀಂಧ್ರವು ಬೇರಿನ ತುದಿಯನ್ನೋ ಗಾಯವನ್ನೋ ಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಸೇರಿ, ಅಲ್ಲಿ ಬೆಳೆದು, ತನ್ನ ಬೀಜಕಣಗಳನ್ನು ರಸಪ್ರವಾಹದಲ್ಲಿ ತೇಲಿಬಿಡುತ್ತದೆ. ಆಕ್ರಮಣವನ್ನು ತಡೆಯಲೆಂದು ಗಿಡವೇ ಸ್ರವಿಸುವ ಅಂಟುಪದಾರ್ಥವೂ ಶಿಲೀಂಧ್ರದ ತಂತುಗಳೂ ಸೇರಿ ನಾಳಗಳು ಮುಚ್ಚಿಹೋಗುತ್ತವೆ. ನೆಲದಲ್ಲಿ ತೇವವು ಯಥೇಚ್ಛವಾಗಿದ್ದರೂ ಗಿಡವು ಬಾಯಾರಿ ಸಾಯುತ್ತದೆ. ಮೊದಲು ಹಳೆಯ ಎಲೆಗಳ ಅಂಚು ಹಳದಿಯಾಗುವುದು, ಅನಂತರ ಎಲೆಯ ತೊಟ್ಟು ಬುಡದಲ್ಲಿ ಮುರಿದು ಎಲೆಗಳು ದಿಂಡಿನ ಸುತ್ತಲೂ ಜೋತುಬೀಳುವುದು, ಕೆಲವೊಮ್ಮೆ ದಿಂಡಿನ ಬುಡ ಉದ್ದುದ್ದಕ್ಕೆ ಸೀಳುವುದು, ಕಡಿದು ನೋಡಿದರೆ ಒಳಗಿನ ನಾಳಗಳು ಕೆಂಗಂದು ಬಣ್ಣಕ್ಕೆ ತಿರುಗಿರುವುದು, ಇವು ರೋಗದ ನಿಶ್ಚಿತ ಲಕ್ಷಣಗಳು. ಗೊನೆ ಹಾಕುವ ಮೊದಲೇ ಗಿಡ ಸಾಯುವುದುಂಟು. ಹಾಕಿದರೂ ಕಾಯಿ ಬಲಿಯುವುದಿಲ್ಲ.

ಇಷ್ಟೇ ಆಗಿದ್ದರೆ ಇದು ನೂರಾರು ಸಸ್ಯರೋಗಗಳಲ್ಲಿ ಒಂದಾಗಿ ಉಳಿಯುತ್ತಿತ್ತು. ಇದನ್ನು ವಿಶಿಷ್ಟವಾಗಿ ಭಯಂಕರವನ್ನಾಗಿಸಿರುವ ಗುಣಗಳು ಎರಡು. ಮೊದಲನೆಯದು, ಗಿಡವು ಸತ್ತ ಮೇಲೆ ಶಿಲೀಂಧ್ರವು ದಪ್ಪನೆಯ ಗೋಡೆಯುಳ್ಳ ವಿಶ್ರಾಂತಕಣಗಳಾಗಿ ಮಾರ್ಪಟ್ಟು, ಆಶ್ರಯಸಸ್ಯವೇ ಇಲ್ಲದ ಬರಿಯ ಮಣ್ಣಿನಲ್ಲಿ ದಶಕಗಳ ಪರ್ಯಂತ ಬದುಕಿರಬಲ್ಲದು. ಆ ನೆಲದಲ್ಲಿ ಮತ್ತೆ ಬಾಳೆಯ ಬೇರು ಚಾಚಿದೊಡನೆ ಎಚ್ಚೆತ್ತು ಮೊಳೆಯುತ್ತದೆ. ಯಾವ ಶಿಲೀಂಧ್ರನಾಶಕದಿಂದಲೂ ಅಂಥ ನೆಲವನ್ನು ವ್ಯಾವಹಾರಿಕವಾಗಿ ಶುದ್ಧಗೊಳಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಎರಡನೆಯದು, ಸೋಂಕು ತಗುಲಿದ ತಾಯಿಗಿಡದ ಕಂದುಗಳು ನೋಟಕ್ಕೆ ಸಂಪೂರ್ಣ ಆರೋಗ್ಯವಾಗಿರಬಹುದು. ನಾವು ತಿನ್ನುವ ಬಾಳೆಯಲ್ಲಿ ಬೀಜವಿಲ್ಲವಾದುದರಿಂದ ಅದರ ಸಂತಾನವೃದ್ಧಿಯು ತಲೆತಲಾಂತರದಿಂದ ಕಂದಿನ ಮೂಲಕವೇ ನಡೆದುಬಂದಿದೆ. ಒಂದು ತಳಿಯ ಲಕ್ಷಾಂತರ ಗಿಡಗಳೂ ವಂಶಗುಣದಲ್ಲಿ ಪರಸ್ಪರ ಅಭಿನ್ನವಾಗಿರುವುದಕ್ಕೂ, ರೋಗವು ಬೆಳೆಗಾರನ ಕೈಯಿಂದಲೇ ಬಿತ್ತನೆಯಾಗುವುದಕ್ಕೂ ಇದೊಂದೇ ಕಾರಣ. ರೋಗದ ಭೂಗೋಲವು ಕಂದಿನ ಭೂಗೋಲವೇ ಆಗಿರುವುದರ ರಹಸ್ಯವು ಇಲ್ಲಿದೆ.

ಇದರ ಮೂಲಸ್ಥಾನವು ಆಗ್ನೇಯ ಏಷ್ಯಾ ಎಂಬುದರಲ್ಲಿ ವಿದ್ವಾಂಸರೊಳಗೆ ಬಹುಮಟ್ಟಿನ ಏಕಾಭಿಪ್ರಾಯವಿದೆ. ಬಾಳೆಯ ಕಾಡುಪ್ರಭೇದಗಳು ಹುಟ್ಟಿ ಬೆಳೆದ ಇಂಡೋನೇಷ್ಯಾ ಮಲೇಷ್ಯಾ ಮೊದಲಾದ ದೇಶಗಳಲ್ಲಿಯೇ ಈ ಶಿಲೀಂಧ್ರದ ಒಳಭೇದಗಳು ಅತಿಹೆಚ್ಚಿನ ವೈವಿಧ್ಯದಿಂದ ಕಾಣಬರುತ್ತವೆ. ಒಂದು ಜೀವಿಯ ವೈವಿಧ್ಯವು ಎಲ್ಲಿ ಗರಿಷ್ಠವೋ ಅಲ್ಲಿಯೇ ಅದರ ತವರಿರಬೇಕೆಂಬುದು ಜೀವವಿಜ್ಞಾನದ ಸಾಮಾನ್ಯ ನ್ಯಾಯವಷ್ಟೆ. ಅಲ್ಲಿ ಸಹಸ್ರಾರು ವರ್ಷಗಳಿಂದ ಬಾಳೆಯೂ ಅದರ ವೈರಿಯೂ ಒಟ್ಟಿಗೆ ಬಾಳಿದುವು. ಮನೆಯ ಹಿತ್ತಿಲಲ್ಲಿ ಹತ್ತು ಬಗೆಯ ಬಾಳೆಗಳು ಬೇರೆ ಗಿಡಮರಗಳ ನಡುವೆ ಚದುರಿ ಬೆಳೆಯುತ್ತಿದ್ದ ಆ ಪರಿಸರದಲ್ಲಿ ಒಂದೆರಡು ಬುಡಗಳು ಸೊರಗಿ ಸತ್ತರೆ ಅದನ್ನು ಬರೆದಿಡುವವರು ಯಾರು? ಆದುದರಿಂದಲೇ ರೋಗದ ಮೊದಲ ಶಾಸ್ತ್ರೀಯ ವರ್ಣನೆಯು ತವರಿನಿಂದ ಬರದೆ, ಹೊಸದಾಗಿ ಬಾಳೆಯ ತೋಟಗಳನ್ನು ಹಾಕಿದ್ದ ಆಸ್ಟ್ರೇಲಿಯಾದಿಂದ ಬಂದಿತು. ಕ್ವೀನ್ಸ್‌ಲ್ಯಾಂಡಿನ ಬ್ರಿಸ್ಬೇನ್ ನಗರದ ಬಳಿಯ ಈಗಲ್ ಫಾರ್ಮ್ ಎಂಬಲ್ಲಿ ಬಾಳೆಗಿಡಗಳು ಸೊರಗುತ್ತಿರುವುದನ್ನು ಜೋಸೆಫ್ ಬ್ಯಾಂಕ್ರಾಫ್ಟ್ ಎಂಬ ವೈದ್ಯನು 1874ರಲ್ಲಿ ಕಂಡು, 1876ರಲ್ಲಿ ಅದನ್ನು ಕುರಿತು ಬರೆದನು. ಅಲ್ಲಿ ಸೊರಗಿದ ತಳಿಯು ನಮ್ಮ ರಸಬಾಳೆಯ ಗುಂಪಿಗೇ ಸೇರಿದುದೆಂಬುದು ಕನ್ನಡ ವಾಚಕರು ಗಮನಿಸಬೇಕಾದ ಅಂಶ.

ಆದರೆ ರೋಗಕ್ಕೆ ಲೋಕಖ್ಯಾತಿಯು ಬಂದುದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗ್ರೋ ಮಿಷೆಲ್ ಎಂಬ ಏಷ್ಯಾದ ತಳಿಯೊಂದು ಫ್ರೆಂಚರ ಮೂಲಕ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪವನ್ನು ಸೇರಿ, ಅಲ್ಲಿಂದ 1830ರ ದಶಕದಲ್ಲಿ ಜಮೈಕಾಕ್ಕೆ ಬಂದಿತು. ದೊಡ್ಡ ಗೊನೆ, ಪೆಟ್ಟು ತಾಳುವ ದಪ್ಪ ಸಿಪ್ಪೆ, ನಿಧಾನವಾಗಿ ಒಂದೇ ಸಮನೆ ಹಣ್ಣಾಗುವ ಗುಣ, ಇವುಗಳಿಂದಾಗಿ ಹಡಗಿನ ವ್ಯಾಪಾರಕ್ಕೆ ಅದಕ್ಕಿಂತ ಅನುಕೂಲವಾದ ಬಾಳೆ ಮತ್ತೊಂದಿರಲಿಲ್ಲ. ಕೋಸ್ಟರಿಕಾದಲ್ಲಿ ರೈಲುದಾರಿ ಹಾಕಿಸುತ್ತಿದ್ದ ಮೈನರ್ ಕೀತ್ ಎಂಬಾತನು ದಾರಿಯ ಇಕ್ಕೆಲಗಳಲ್ಲಿ ಬಾಳೆಯನ್ನು ನೆಡಿಸಿದನು. ಮುಂದೆ 1899ರಲ್ಲಿ ಆತನ ಉದ್ಯಮವೂ ಸೇರಿ ಯುನೈಟೆಡ್ ಫ್ರೂಟ್ ಕಂಪನಿಯು ಸ್ಥಾಪಿತವಾಯಿತು. ಕಾಡು ಕಡಿದು, ಚರಂಡಿ ತೋಡಿ, ರೈಲಿನ ಹಳಿಗಳನ್ನು ಹಾಸಿ, ದಿಗಂತದವರೆಗೂ ಒಂದೇ ತಳಿಯ ಬಾಳೆಯನ್ನು ನೆಡುವ ಕೃಷಿಪದ್ಧತಿಯು ಮಧ್ಯ ಅಮೆರಿಕದಲ್ಲಿ ಹೀಗೆ ನೆಲೆಗೊಂಡಿತು. ತೋಟವನ್ನು ವಿಸ್ತರಿಸಲು ಬೇಕಾದ ಕಂದುಗಳು ಹಳೆಯ ತೋಟಗಳಿಂದಲೇ ರೈಲಿನಲ್ಲಿಯೂ ಹಡಗಿನಲ್ಲಿಯೂ ಹೋಗುತ್ತಿದ್ದುವು. ಅವುಗಳ ಗೆಡ್ಡೆಯೊಳಗೆ ಕುಳಿತು ರೋಗವೂ ಹೋಯಿತು.

ಕೋಸ್ಟರಿಕಾ ಮತ್ತು ಪನಾಮಾಗಳಲ್ಲಿ 1890ರ ಸುಮಾರಿಗೆ ರೋಗವು ಕಾಣಿಸಿಕೊಂಡಿತು. ಎರಡನೆಯ ದೇಶದಲ್ಲಿ ಅದು ಮಾಡಿದ ಹಾನಿಯ ಪ್ರಮಾಣದಿಂದಾಗಿ ಆ ದೇಶದ ಹೆಸರೇ ಅದಕ್ಕೆ ಅಂಟಿಕೊಂಡಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಕ್ಯೂಬಾ, ಜಮೈಕಾ, ಹೊಂಡುರಾಸ್, ಗ್ವಾಟೆಮಾಲಾ ಮೊದಲಾದ ಬಾಳೆ ಬೆಳೆಯುವ ನಾಡುಗಳೆಲ್ಲವೂ ಒಂದೊಂದಾಗಿ ಅದರ ವಶವಾದುವು. ಕ್ಯೂಬಾದಿಂದ ಬಂದ ರೋಗಗ್ರಸ್ತ ಭಾಗಗಳಿಂದ ಅಮೆರಿಕದ ಸಸ್ಯರೋಗಶಾಸ್ತ್ರಜ್ಞ ಎರ್ವಿನ್ ಸ್ಮಿತ್ ಶಿಲೀಂಧ್ರವನ್ನು ಬೇರ್ಪಡಿಸಿ 1910ರಲ್ಲಿ ಅದಕ್ಕೆ ಕ್ಯೂಬಾದ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದನು. ರೋಗಕ್ಕೆ ಇದೇ ಕಾರಣವೆಂಬುದನ್ನು ಇ. ಡಬ್ಲ್ಯು. ಬ್ರಾಂಡೆಸ್ 1919ರಲ್ಲಿ ಪ್ರಯೋಗಪೂರ್ವಕವಾಗಿ ಸ್ಥಾಪಿಸಿದನು. ಹೀಗೆ ಕಾರಣವು ತಿಳಿಯಿತು. ಆದರೆ ನಿವಾರಣೋಪಾಯವು ತಿಳಿಯಲಿಲ್ಲ.

ಉಪಾಯವು ತೋರದಿದ್ದಾಗ ಕಂಪನಿಗಳು ಅನುಸರಿಸಿದ ಮಾರ್ಗವು ಪಲಾಯನ. ನೆಲ ಕೆಟ್ಟಿತೆಂದರೆ ಆ ತೋಟವನ್ನು, ಹಳಿಗಳನ್ನು, ಕೂಲಿಕಾರರ ವಸತಿಗಳನ್ನು ತೊರೆದು, ಮುಂದಿನ ಕಣಿವೆಯ ಕನ್ಯಾರಣ್ಯವನ್ನು ಕಡಿದು ಹೊಸ ತೋಟ ಹಾಕುವುದು. ಅಲ್ಲಿಯೂ ಕೆಲವು ವರ್ಷಗಳ ತರುವಾಯ ಕಂದುಗಳೊಡನೆ ಹೋದ ರೋಗ ತಲೆಯೆತ್ತುವುದು. ಮತ್ತೆ ಮುಂದಕ್ಕೆ ಸಾಗುವುದು. 1960ರ ವೇಳೆಗೆ ಅಮೆರಿಕದ ಉಷ್ಣವಲಯದಲ್ಲಿ ಸುಮಾರು 40,000 ಹೆಕ್ಟೇರುಗಳಷ್ಟು ಗ್ರೋ ಮಿಷೆಲ್ ತೋಟಗಳು ಈ ರೋಗಕ್ಕೆ ಬಲಿಯಾಗಿದ್ದುವೆಂದು ಅಂದಾಜು ಮಾಡಲಾಗಿದೆ. ಕೆಟ್ಟ ತೋಟಗಳಿಗೆ ಒಡ್ಡು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಶಿಲೀಂಧ್ರವನ್ನು ಉಸಿರುಗಟ್ಟಿಸುವ ಮಹಾಪ್ರಯೋಗಗಳೂ ಹೊಂಡುರಾಸ್ ಮೊದಲಾದೆಡೆ ನಡೆದುವು. ಮೊದಲ ಕೆಲವು ಬೆಳೆಗಳು ಚೆನ್ನಾಗಿ ಬಂದು, ಬೇಗನೆ ರೋಗವು ಪುನಃ ಪ್ರತ್ಯಕ್ಷವಾಯಿತು.

ಈ ಪರಾಜಯಗಳ ನಡುವೆ ಒಂದು ಅಮೂಲ್ಯವಾದ ವಿವೇಕವೂ ಲಭಿಸಿತೆಂಬುದನ್ನು ಮರೆಯಬಾರದು. ರೋಗವು ಎಲ್ಲ ನೆಲಗಳಲ್ಲಿಯೂ ಸಮವೇಗದಿಂದ ಹಬ್ಬುವುದಿಲ್ಲ. ಕೆಲವು ಮಣ್ಣುಗಳಲ್ಲಿ ಮೂರು ನಾಲ್ಕು ವರ್ಷಗಳಲ್ಲೇ ತೋಟ ನಾಶವಾದರೆ, ಮತ್ತೆ ಕೆಲವು ಜಿಗುಟಾದ ಎರೆಮಣ್ಣುಗಳಲ್ಲಿ, ಶಿಲೀಂಧ್ರವು ಪ್ರವೇಶಿಸಿಯೂ, ದಶಕಗಳ ಕಾಲ ಬೆಳೆ ತೆಗೆಯುವುದು ಸಾಧ್ಯವಾಗಿತ್ತು. ಮಣ್ಣಿನ ಖನಿಜಗಳ ಸ್ವರೂಪ, ಆಮ್ಲಕ್ಷಾರಗಳ ಸಮತೋಲ, ಅದರಲ್ಲಿ ವಾಸಿಸುವ ಇತರ ಸೂಕ್ಷ್ಮಜೀವಿಗಳ ಪೈಪೋಟಿ, ಇವೆಲ್ಲ ರೋಗವನ್ನು ಅಡಗಿಸಬಲ್ಲವೆಂಬ ತತ್ತ್ವವು ಇಲ್ಲಿಂದ ಹೊರಟಿತು. ಆರ್. ಎಚ್. ಸ್ಟೋವರ್ 1962ರಲ್ಲಿ ಪ್ರಕಟಿಸಿದ ರೋಗವಿಷಯಕ ಪ್ರಬಂಧವು ಅದುವರೆಗಿನ ಜ್ಞಾನವನ್ನೆಲ್ಲ ಒಟ್ಟುಗೂಡಿಸಿದ ಪ್ರಮಾಣಗ್ರಂಥವಾಗಿ ಇಂದಿಗೂ ನಿಂತಿದೆ. ಆದರೆ ಆ ವೇಳೆಗಾಗಲೇ ವ್ಯಾಪಾರದ ಪ್ರಪಂಚವು ಮಣ್ಣಿನ ಸೂಕ್ಷ್ಮಗಳನ್ನು ಅರಿಯುವ ತಾಳ್ಮೆಯನ್ನು ಕಳೆದುಕೊಂಡು, ಬೇರೊಂದು ಸುಲಭಮಾರ್ಗವನ್ನು ಹಿಡಿದಿತ್ತು.

ಆ ಮಾರ್ಗವು ತಳಿಯ ಬದಲಾವಣೆ. ರೋಗನಿರೋಧಕವಾದ ಹೊಸ ತಳಿಯನ್ನು ಸಂಕರದಿಂದ ಪಡೆಯುವ ಯತ್ನವು ಟ್ರಿನಿಡಾಡ್ ಮತ್ತು ಜಮೈಕಾಗಳಲ್ಲಿ 1920ರ ದಶಕದಿಂದಲೇ ನಡೆದಿದ್ದರೂ, ಬೀಜವಿಲ್ಲದ ಸಸ್ಯದಿಂದ ಸಂಕರಬೀಜವನ್ನು ಪಡೆಯುವುದು ಎಷ್ಟು ದುಸ್ಸಾಧ್ಯವೆಂಬುದು ಊಹಿಸಬಹುದಾದ ವಿಷಯ. ಕೊನೆಗೆ ನೆರವಾದುದು ಹೊಸ ಸೃಷ್ಟಿಯಲ್ಲ, ಹಳೆಯದೇ ಒಂದು ಗಿಡ. ಚೀನಾದಿಂದ ಮಾರಿಷಸ್ ದ್ವೀಪಕ್ಕೂ ಅಲ್ಲಿಂದ ಇಂಗ್ಲೆಂಡಿಗೂ ಬಂದು, ಡೆವನ್‌ಷೈರಿನ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್‌ನ ಚಾಟ್ಸ್‌ವರ್ತ್ ಅರಮನೆಯ ಗಾಜಿನ ಮನೆಯಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರನ ಆರೈಕೆಯಲ್ಲಿ 1830ರ ದಶಕದಲ್ಲಿ ಗೊನೆಬಿಟ್ಟ ಬಾಳೆಯ ಬಂಧುವರ್ಗವೇ ಕ್ಯಾವೆಂಡಿಷ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ನಮ್ಮ ಪಚ್ಚಬಾಳೆಯೂ ಇಂದಿನ ಜಿ-9 ಬಾಳೆಯೂ ಇದೇ ವರ್ಗದವು. ಗ್ರೋ ಮಿಷೆಲ್ ಸಾಯುವ ನೆಲದಲ್ಲಿ ಇದು ಸಾಯುತ್ತಿರಲಿಲ್ಲ. ಸಿಪ್ಪೆ ಸುಲಭವಾಗಿ ನಜ್ಜುಗುಜ್ಜಾಗುವುದರಿಂದ ಗೊನೆಗಳನ್ನು ಇಡಿಯಾಗಿ ಸಾಗಿಸದೆ ಚಿಪ್ಪುಗಳಾಗಿ ಬಿಡಿಸಿ ಪೆಟ್ಟಿಗೆಗಳಲ್ಲಿ ತುಂಬುವ ಕ್ರಮವು ಬಂದಿತು. 1950ರ ದಶಕದ ನಡುವಿನಿಂದ ಸ್ಟ್ಯಾಂಡರ್ಡ್ ಫ್ರೂಟ್ ಕಂಪನಿಯೂ ಅದರ ಹಿಂದೆ 1960ರ ದಶಕದಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯೂ ಕ್ಯಾವೆಂಡಿಷಿಗೆ ಬದಲಾಯಿಸಿದುವು. ರೋಗವನ್ನು ಗೆದ್ದೆವೆಂಬ ಭಾವನೆಯು ಎಲ್ಲೆಡೆಯೂ ಹರಡಿತು.

ವಾಸ್ತವವಾಗಿ ಗೆದ್ದುದು ರೋಗದ ಒಂದು ಶಾಖೆಯನ್ನು ಮಾತ್ರ. ಈ ಶಿಲೀಂಧ್ರದಲ್ಲಿ ಯಾವ ತಳಿಯನ್ನು ಕೊಲ್ಲುತ್ತದೆಂಬುದನ್ನು ಅನುಸರಿಸಿ ಪಂಗಡಗಳನ್ನು ಗುರುತಿಸಲಾಗಿದೆ: ಮೊದಲನೆಯ ಪಂಗಡವು ಗ್ರೋ ಮಿಷೆಲ್, ರಸಬಾಳೆ ಮೊದಲಾದವನ್ನೂ, ಎರಡನೆಯದು ಮಂಥನ್‌ನಂಥ ಪಲ್ಯದ ಬಾಳೆಗಳನ್ನೂ ಪೀಡಿಸುವುವು, ನಾಲ್ಕನೆಯ ಪಂಗಡವು ಇವೆರಡರ ಆಹಾರವನ್ನಷ್ಟೇ ಅಲ್ಲದೆ ಕ್ಯಾವೆಂಡಿಷನ್ನೂ ಕೊಲ್ಲಬಲ್ಲುದು. ಕ್ಯಾನರಿ ದ್ವೀಪಗಳಲ್ಲಿ 1920ರ ದಶಕದಷ್ಟು ಹಿಂದೆಯೇ ಕ್ಯಾವೆಂಡಿಷ್ ಗಿಡಗಳು ಸೊರಗಿದ್ದುವು; ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿಯೂ ಅಂಥ ವರದಿಗಳಿದ್ದುವು. ಪರಂತು ಇವೆಲ್ಲ ಚಳಿಗಾಲವುಳ್ಳ ಉಪೋಷ್ಣವಲಯದ ಪ್ರದೇಶಗಳಾದುದರಿಂದ, ಚಳಿಯಿಂದ ಕುಗ್ಗಿದ ಗಿಡವಷ್ಟೇ ರೋಗಕ್ಕೆ ತುತ್ತಾಗುವುದು, ಉಷ್ಣವಲಯದ ಪುಷ್ಟವಾದ ತೋಟಗಳಿಗೆ ಭಯವಿಲ್ಲ ಎಂಬ ಸಮಾಧಾನವು ಬೇರೂರಿತು. ತೈವಾನಿನಲ್ಲಿ 1967ರಲ್ಲಿ ಕ್ಯಾವೆಂಡಿಷ್ ತೋಟಗಳು ಸೊರಗತೊಡಗಿದಾಗಲೂ ಲೋಕವು ಅದನ್ನು ಒಂದು ದ್ವೀಪದ ಸ್ಥಳೀಯ ಕಷ್ಟವೆಂದೇ ಭಾವಿಸಿತು.

ಆ ಸಮಾಧಾನವು 1990ರ ದಶಕದ ಆರಂಭದಲ್ಲಿ ಭಗ್ನವಾಯಿತು. ರಫ್ತಿನ ಲಾಭವನ್ನು ನಿರೀಕ್ಷಿಸಿ ಇಂಡೋನೇಷ್ಯಾದ ಸುಮಾತ್ರದಲ್ಲಿಯೂ ಮಲೇಷ್ಯಾದಲ್ಲಿಯೂ ವಿಶಾಲವಾದ ಕ್ಯಾವೆಂಡಿಷ್ ತೋಟಗಳನ್ನು ಹಾಕಲಾಯಿತು. ಅವು ಅಪ್ಪಟ ಉಷ್ಣವಲಯದಲ್ಲಿದ್ದರೂ ಕೆಲವೇ ವರ್ಷಗಳಲ್ಲಿ ನಾಶವಾದುವು. ರೋಗದ ತವರಿಗೆ ಏಕತಳಿಯ ತೋಟವನ್ನು ಒಯ್ದು ನಿಲ್ಲಿಸಿದ ಪರಿಣಾಮವಿದು. ಉಷ್ಣವಲಯದ ನಾಲ್ಕನೆಯ ಪಂಗಡವೆಂದು, ಸಂಕ್ಷೇಪವಾಗಿ ಟಿಆರ್-4 ಎಂದು, ಇಂದು ಎಲ್ಲೆಡೆ ಕರೆಯಲ್ಪಡುವ ಶಾಖೆಯು ಇದೇ. 1997ರಲ್ಲಿ ಇದು ಆಸ್ಟ್ರೇಲಿಯಾದ ಉತ್ತರ ಪ್ರಾಂತದ ಡಾರ್ವಿನ್ ಬಳಿ ಕಾಣಿಸಿತು. ಅಷ್ಟರೊಳಗೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತವನ್ನು ಹೊಕ್ಕಿದ್ದಿತು. ಮುಂದಿನ ದಶಕದಲ್ಲಿ ಫಿಲಿಪ್ಪೀನ್ಸಿನ ಮಿಂಡನಾವೋ ದ್ವೀಪದ ರಫ್ತುತೋಟಗಳನ್ನು ಆಕ್ರಮಿಸಿತು. ಅನಂತರ ವಿಯೆಟ್ನಾಂ, ಲಾವೋಸ್, ಮ್ಯಾನ್ಮಾರ್‌ಗಳಲ್ಲಿಯೂ ಕಂಡುಬಂದಿತು.

ಇಲ್ಲಿಯವರೆಗಿನ ಪ್ರಯಾಣವು ನೆರೆಯಿಂದ ನೆರೆಗೆ ನಡೆದುದು. 2013ರಲ್ಲಿ ಪ್ರಕಟವಾದ ಎರಡು ವಾರ್ತೆಗಳು ಅದರ ಗತಿಯೇ ಬದಲಾಯಿತೆಂಬುದನ್ನು ತಿಳಿಸಿದುವು: ಪಶ್ಚಿಮ ಏಷ್ಯಾದ ಜೋರ್ಡಾನಿನಲ್ಲಿ ಒಂದು, ಆಫ್ರಿಕಾದ ಮೊಜಾಂಬಿಕಿನಲ್ಲಿ ಮತ್ತೊಂದು. ಸಾವಿರಾರು ಮೈಲಿಗಳ ಮಧ್ಯಂತರವನ್ನು ಈ ಶಿಲೀಂಧ್ರವು ಗಾಳಿಯಿಂದಾಗಲಿ ನೀರಿನಿಂದಾಗಲಿ ದಾಟಲಾರದು. ನೆಡುವ ವಸ್ತುವೋ, ಬೂಟಿಗೂ ಯಂತ್ರಕ್ಕೂ ಮೆತ್ತಿದ ಮಣ್ಣೋ ಅದನ್ನು ಒಯ್ದಿರಬೇಕೆಂಬ ತರ್ಕವು ಅನಿವಾರ್ಯ. ತದನಂತರ ಲೆಬನಾನ್, ಪಾಕಿಸ್ತಾನ, ಒಮಾನ್, ಇಸ್ರೇಲ್ ದೇಶಗಳು ಪಟ್ಟಿಯನ್ನು ಸೇರಿದುವು. 2015ರಲ್ಲಿ ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಕಣಿವೆಯ ಒಂದು ತೋಟದಲ್ಲಿ ರೋಗವು ಪತ್ತೆಯಾದಾಗ ಅಲ್ಲಿಯ ಸರಕಾರವೂ ಬೆಳೆಗಾರರೂ ಕೈಗೊಂಡ ಕ್ರಮಗಳು ಗಮನಾರ್ಹವಾದುವು: ತೋಟಗಳಿಗೆ ಬೇಲಿ, ಒಳಬರುವ ವಾಹನಗಳಿಗೂ ಪಾದರಕ್ಷೆಗಳಿಗೂ ತೊಳೆಯುವ ಕಟ್ಟಳೆ, ಎಡೆಬಿಡದ ತಪಾಸಣೆ, ಕಡೆಗೆ ಸೋಂಕಿನ ತೋಟವನ್ನು ಬೆಳೆಗಾರರ ಸಂಘವೇ ಕೊಂಡು ಮುಚ್ಚಿಬಿಡುವುದು. ರೋಗವು ಅಲ್ಲಿಂದ ಸಂಪೂರ್ಣವಾಗಿ ತೊಲಗಲಿಲ್ಲ. ಆದರೆ ಅದರ ಗತಿಯು ಬಹಳ ಮಂದವಾಯಿತು. ಗತಿಯನ್ನು ಮಂದಗೊಳಿಸುವುದೇ ಈ ರೋಗದ ವಿಷಯದಲ್ಲಿ ಜಯವೆಂದು ಎಣಿಸಬೇಕಾಗಿದೆ.

ಅಮೆರಿಕದ ಬಾಳೆಸೀಮೆಯು ಇದೆಲ್ಲವನ್ನೂ ಸಮುದ್ರದ ಆಚೆಯಿಂದ ಆತಂಕದಿಂದ ನೋಡುತ್ತಿತ್ತು. 2019ರ ಆಗಸ್ಟಿನಲ್ಲಿ ಕೊಲಂಬಿಯಾದ ಲಾ ಗ್ವಾಹಿರಾ ಪ್ರಾಂತದಲ್ಲಿ ಟಿಆರ್-4 ದೃಢಪಟ್ಟು, ಆ ದೇಶವು ರಾಷ್ಟ್ರೀಯ ತುರ್ತುಪರಿಸ್ಥಿತಿಯನ್ನು ಘೋಷಿಸಿತು. 2021ರಲ್ಲಿ ಪೆರುವಿನ ಉತ್ತರಭಾಗದ ಪಿಯುರಾದಲ್ಲಿಯೂ 2023ರಲ್ಲಿ ವೆನೆಜುವೆಲಾದಲ್ಲಿಯೂ ಅದು ಕಾಣಿಸಿತು. ಜಗತ್ತಿನಲ್ಲಿ ಅತಿಹೆಚ್ಚು ಬಾಳೆಯನ್ನು ರಫ್ತು ಮಾಡುವ ಎಕ್ವಡಾರ್ ಇರುವುದು ಕೊಲಂಬಿಯಾ ಪೆರುಗಳ ನಟ್ಟನಡುವೆ. ಹೀಗೆ ಏಷ್ಯಾದಿಂದ ಹೊರಟ ರೋಗದ ಎರಡನೆಯ ದಂಡಯಾತ್ರೆಯೂ ಮೊದಲನೆಯದು ತಲುಪಿದ ಖಂಡವನ್ನೇ ತಲುಪಿದೆ.

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳೆಯನ್ನು ಬೆಳೆಯುವ ಭಾರತವು ತಾನು ಬೆಳೆದುದನ್ನು ಬಹುಪಾಲು ತಾನೇ ತಿನ್ನುತ್ತದೆ. ಆದುದರಿಂದ ಇಲ್ಲಿಯ ನಷ್ಟವು ಹಡಗಿನ ವ್ಯಾಪಾರದ ನಷ್ಟವಾಗಿರದೆ ಮನೆಯ ನಷ್ಟವಾಗಿರುತ್ತದೆ. ರೋಗದ ಮೊದಲ ವರದಿಯು ಬಂಗಾಳದ ಚಿನ್ಸುರಾದಿಂದ 1911ರಲ್ಲಿ ಬಂದಿತು. ತರುವಾಯ ತಮಿಳುನಾಡು, ಕೇರಳ, ಆಂಧ್ರ, ಕರ್ನಾಟಕ, ಬಿಹಾರ, ಅಸ್ಸಾಂಗಳ ಪರ್ಯಂತ ಮೊದಲನೆಯ ಪಂಗಡವು ನೆಲೆಯೂರಿತು. ತಮಿಳರ ರಸ್ತಾಳಿ, ತೆಲುಗರ ಅಮೃತಪಾಣಿ, ಬಂಗಾಳಿಗಳ ಮರ್ತಮಾನ್, ಬಿಹಾರಿಗಳ ಮಾಲ್‌ಭೋಗ್, ನಮ್ಮ ರಸಬಾಳೆ, ಇವೆಲ್ಲ ಒಂದೇ ಗುಂಪಿನ ಬಾಳೆಗಳು. ಭಾರತೀಯರ ನಾಲಗೆಯು ಅತ್ಯಂತ ಮೆಚ್ಚಿದ ಈ ಗುಂಪೇ ರೋಗಕ್ಕೆ ಅತ್ಯಂತ ಸುಲಭವಾದ ತುತ್ತೂ ಆಗಿರುವುದು ದುರ್ದೈವ. ಕ್ಯಾವೆಂಡಿಷ್ ವರ್ಗವು ಇಷ್ಟು ಕಾಲ ಸುರಕ್ಷಿತವಾಗಿದ್ದಿತು. ಆದರೆ 2010ರ ದಶಕದ ಉತ್ತರಾರ್ಧದಲ್ಲಿ ಬಿಹಾರದ ಕಟಿಹಾರ್ ಮತ್ತು ಪೂರ್ಣಿಯಾ ಜಿಲ್ಲೆಗಳಲ್ಲಿ ಜಿ-9 ತೋಟಗಳು ಸೊರಗಿದುವು; ಅದು ಟಿಆರ್-4 ಎಂದು ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರದ ವಿಜ್ಞಾನಿಗಳು ನಿರ್ಧರಿಸಿದರು. ಉತ್ತರ ಪ್ರದೇಶದ ಫೈಜಾಬಾದ್, ಗುಜರಾತಿನ ಸೂರತ್, ಮಧ್ಯಪ್ರದೇಶದ ಬುರ್ಹಾನ್‌ಪುರ ಪ್ರದೇಶಗಳಿಂದಲೂ ಅನಂತರ ವರದಿಗಳು ಬಂದಿವೆ.

ಕರ್ನಾಟಕದಲ್ಲಿ ಈ ರೋಗದ ಕಥೆಯನ್ನು ಹೇಳುವುದೆಂದರೆ ನಂಜನಗೂಡಿನ ರಸಬಾಳೆಯ ಕಥೆಯನ್ನು ಹೇಳುವುದೇ ಆಗಿದೆ. ಕಪಿಲೆಯ ತೀರದ ಆ ಸೀಮೆಯ ಮಣ್ಣಿನಲ್ಲಿ ಬೆಳೆದ ರಸಬಾಳೆಯ ಪರಿಮಳವೂ ಬೆಣ್ಣೆಯಂಥ ತಿರುಳೂ ಮೈಸೂರು ಸಂಸ್ಥಾನದಲ್ಲೆಲ್ಲ ಖ್ಯಾತವಾಗಿದ್ದುವು. ಒಂದು ಕಾಲಕ್ಕೆ ನೂರಾರು ಎಕರೆಗಳಲ್ಲಿ ಹರಡಿದ್ದ ಈ ಬೆಳೆಯು ಸೊರಗುರೋಗದ ಹಾವಳಿಯಿಂದ ಕ್ರಮೇಣ ಕುಗ್ಗಿ, ಬೆರಳೆಣಿಕೆಯ ರೈತರ ಹಟದಿಂದ ಮಾತ್ರ ಉಳಿದುಕೊಂಡಿತು. ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಭೌಗೋಲಿಕ ಸೂಚಕದ ಮಾನ್ಯತೆಯು ದೊರೆತುದು ಸಂತೋಷದ ವಿಷಯವೇ. ಆದರೆ ಮಾನ್ಯತೆಯ ಪತ್ರವು ಹೆಸರಿನ ಅಪಹರಣವನ್ನು ತಡೆಯಬಲ್ಲುದೇ ಹೊರತು ಮಣ್ಣಿನೊಳಗಿನ ಶಿಲೀಂಧ್ರವನ್ನು ತಡೆಯಲಾರದು. ರಸಬಾಳೆಯ ಸ್ಥಾನವನ್ನು ಆಕ್ರಮಿಸಿದುದು ಕೆಲವೆಡೆ ಏಲಕ್ಕಿಬಾಳೆ, ಕೆಲವೆಡೆ ಪಚ್ಚಬಾಳೆ ಮತ್ತು ಜಿ-9. ಇವುಗಳಲ್ಲಿ ಏಲಕ್ಕಿಬಾಳೆಯು ಮೊದಲನೆಯ ಪಂಗಡಕ್ಕೇ ತುತ್ತಾಗುವಂಥದು. ಜಿ-9 ಟಿಆರ್-4ಕ್ಕೆ ತುತ್ತಾಗುವಂಥದು. ಅಮೆರಿಕದ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಮಾಡಿದುದನ್ನೇ ನಾವು ಸಣ್ಣ ಹಿಡುವಳಿಗಳಲ್ಲಿ ಮಾಡಿದ್ದೇವೆ ಎಂಬುದು ಇದರಿಂದ ವಿದಿತವಾಗುತ್ತದೆ.

ಇಷ್ಟನ್ನೂ ನೋಡಿದ ಮೇಲೆ ಏಕತಳಿಯ ಕೃಷಿಯೊಂದೇ ಸಕಲ ಅನರ್ಥಕ್ಕೂ ಮೂಲವೆಂದು ತೀರ್ಪು ಕೊಡುವುದು ಸುಲಭ. ಅನೇಕರು ಹಾಗೆ ಕೊಟ್ಟೂ ಇದ್ದಾರೆ. ಆದರೆ ಪೂರ್ವ ಆಫ್ರಿಕಾದ ನಿದರ್ಶನವು ಆ ತೀರ್ಪನ್ನು ಸ್ವಲ್ಪ ತಿದ್ದುವಂತೆ ಮಾಡುತ್ತದೆ. ಅಲ್ಲಿಯ ಸಣ್ಣ ರೈತರ ತೋಟಗಳಲ್ಲಿ ಹತ್ತಾರು ತಳಿಗಳು ಬೆರೆತಿರುತ್ತವೆ. ಆ ಪ್ರದೇಶದ ಎತ್ತರದ ನೆಲದ ಅಡಿಗೆಬಾಳೆಗಳು ಮೊದಲನೆಯ ಪಂಗಡವನ್ನು ತಾಳಿಕೊಂಡು ನಿಂತಿದ್ದರೂ, ಅವುಗಳ ಪಕ್ಕದಲ್ಲೇ ಇರುವ ಹೊರಗಿನಿಂದ ಬಂದ ತಳಿಗಳು ಸೊರಗಿ ಸಾಯುತ್ತವೆ. ನಮ್ಮ ಹಿತ್ತಿಲ ರಸಬಾಳೆಯೂ ಕಂಪನಿಯ ತೋಟದಲ್ಲಿ ಬೆಳೆದುದಲ್ಲವಷ್ಟೆ. ಇದರಿಂದ ನಿಷ್ಪನ್ನವಾಗುವುದೇನೆಂದರೆ, ಏಕತಳಿಯ ವಿಸ್ತಾರವು ರೋಗಕ್ಕೆ ಉರುವಲನ್ನು ಒದಗಿಸುತ್ತದೆ, ಪರೀಕ್ಷಿಸದ ಕಂದು ಕಿಡಿಯನ್ನು ಒದಗಿಸುತ್ತದೆ. ವೈವಿಧ್ಯವು ಊರಿನ ಬಾಳೆಯೆಲ್ಲವೂ ಒಮ್ಮೆಲೇ ನಾಶವಾಗದಂತೆ ಕಾಯಬಲ್ಲುದು, ಆದರೆ ಕಿಡಿಯ ಪ್ರವೇಶವನ್ನು ಅದು ತಡೆಯಲಾರದು. ಎರಡನ್ನೂ ಒಟ್ಟಿಗೆ ಗಮನಿಸದ ನೀತಿಯು ಅಪೂರ್ಣವಾದುದು.

ಪರಿಹಾರಗಳ ವಿಷಯದಲ್ಲಿ ಕಳೆದ ಅರ್ಧಶತಮಾನವು ಬರಿಗೈಯಲ್ಲಿ ಕುಳಿತಿಲ್ಲ. ಅಂಗಾಂಶ ಕೃಷಿಯಿಂದ ಬಂದ ಸಸಿಗಳು ರೋಗರಹಿತವಾಗಿರುವುದರಿಂದ ಕಂದಿನ ಅಪಾಯವನ್ನು ಬಹುಮಟ್ಟಿಗೆ ನಿವಾರಿಸಿವೆ. ಆದರೆ ಸೋಂಕಿನ ನೆಲದಲ್ಲಿ ನೆಟ್ಟರೆ ಅವೂ ಸಾಯುತ್ತವೆ. ತೈವಾನಿನ ಬಾಳೆ ಸಂಶೋಧನ ಸಂಸ್ಥೆಯು ಅಂಗಾಂಶ ಕೃಷಿಯಲ್ಲಿ ಆಕಸ್ಮಿಕವಾಗಿ ತೋರುವ ರೂಪಭೇದಗಳನ್ನೇ ಆರಿಸಿ, ಫಾರ್ಮೋಸಾನಾ ಮೊದಲಾದ ಸಹಿಷ್ಣು ತಳಿಗಳನ್ನು ಬಿಡುಗಡೆ ಮಾಡಿದೆ; ಅಲ್ಲಿಯೇ ಬತ್ತದೊಡನೆ ಬೆಳೆಪರಿವರ್ತನೆ ಮಾಡಿದ ಗದ್ದೆಗಳಲ್ಲಿ ರೋಗವು ಗಣನೀಯವಾಗಿ ತಗ್ಗಿತು. ಹೊಂಡುರಾಸಿನ ಸಂಶೋಧಕರು ಗೋಲ್ಡ್‌ಫಿಂಗರ್‌ನಂಥ ಸಂಕರತಳಿಗಳನ್ನು ತಂದರು. ರುಚಿಭೇದದಿಂದಾಗಿ ಮಾರುಕಟ್ಟೆಯು ಅವನ್ನು ಸುಲಭವಾಗಿ ಒಪ್ಪಲಿಲ್ಲ. ಆಸ್ಟ್ರೇಲಿಯಾದಲ್ಲಿ ಜೇಮ್ಸ್ ಡೇಲ್ ಮತ್ತು ಸಹಕಾರಿಗಳು ಕಾಡುಬಾಳೆಯ ಒಂದು ನಿರೋಧಕ ಜೀನನ್ನು ಕ್ಯಾವೆಂಡಿಷಿಗೆ ಸೇರಿಸಿ, ಅದರ ಯಶಸ್ಸನ್ನು 2017ರಲ್ಲಿ ಪ್ರಕಟಿಸಿದರು. ಆ ತಳಿಗೆ 2024ರಲ್ಲಿ ಅಲ್ಲಿಯ ಸರಕಾರದ ಅನುಮತಿಯೂ ದೊರೆತಿದೆ. ಭಾರತದಲ್ಲಿ ಲಖನೌವಿನ ವಿಜ್ಞಾನಿಗಳು ಟ್ರೈಕೋಡರ್ಮಾ ಜಾತಿಯ ಉಪಕಾರಿ ಶಿಲೀಂಧ್ರವೊಂದರಿಂದ ಫ್ಯುಸಿಕಾಂಟ್ ಎಂಬ ಜೈವಿಕ ಔಷಧವನ್ನು ಸಿದ್ಧಪಡಿಸಿ, ಉತ್ತರ ಪ್ರದೇಶ ಬಿಹಾರಗಳ ಸೋಂಕಿನ ತೋಟಗಳಲ್ಲಿ ಪ್ರಯೋಗಿಸಿದ್ದಾರೆ. ಇವುಗಳಲ್ಲಿ ಒಂದೊಂದೂ ಉಪಯುಕ್ತ, ಒಂದೂ ಸ್ವಯಂಪರ್ಯಾಪ್ತವಲ್ಲ.

ಸಮೀಕ್ಷೆಯ ಫಲಿತಾಂಶವನ್ನು ಇಷ್ಟರಲ್ಲಿ ಹೇಳಬಹುದು. ಈ ರೋಗದ ಭೂಪಟವನ್ನು ಬರೆದುದು ಪ್ರಕೃತಿಯಲ್ಲ, ಮನುಷ್ಯನ ಕೈ. ಒಂದು ತಳಿ ಸತ್ತಾಗ ಮತ್ತೊಂದು ತಳಿಯನ್ನು ಅದೇ ರೀತಿಯಲ್ಲಿ ನೆಟ್ಟುದರಿಂದ ರೋಗವು ಸೋಲಲಿಲ್ಲ, ಅದರ ಸರದಿಯಷ್ಟೇ ಮುಂದೆ ಹೋಯಿತು. ಕರ್ನಾಟಕದ ದಕ್ಷಿಣದ ಜಿಲ್ಲೆಗಳ ಬಾಳೆಸೀಮೆಯನ್ನು ಟಿಆರ್-4ರಿಂದ ಕಾಪಾಡಿಕೊಳ್ಳಬೇಕಾದರೆ, ಸೋಂಕಿನ ರಾಜ್ಯಗಳಿಂದ ಕಂದನ್ನಾಗಲಿ ಮಣ್ಣು ಮೆತ್ತಿದ ಸಾಮಗ್ರಿಯನ್ನಾಗಲಿ ತರಿಸುವುದನ್ನು ಸರಕಾರವು ಕಟ್ಟುನಿಟ್ಟಾಗಿ ತಡೆಯಬೇಕು; ತೋಟಗಾರಿಕೆ ಇಲಾಖೆಯೂ ವಿಶ್ವವಿದ್ಯಾನಿಲಯಗಳೂ ಪರೀಕ್ಷಿತವಾದ ಸಸಿಗಳನ್ನು ಸಣ್ಣ ರೈತನ ಕೈಗೆಟಕುವ ಬೆಲೆಗೆ ಒದಗಿಸಬೇಕು. ಬೆಳೆಗಾರರಲ್ಲಿ ನಮ್ಮ ಪ್ರಾರ್ಥನೆಯು ಇನ್ನೂ ಸರಳವಾದುದು: ತಾಯಿಗಿಡವನ್ನು ಕಾಣದ ಹೊರತು, ಅದು ಬೆಳೆದ ತೋಟದ ಹಿಂದಿನ ಚರಿತ್ರೆಯನ್ನು ವಿಚಾರಿಸದ ಹೊರತು, ನೆಂಟರು ಕೊಟ್ಟುದೇ ಆಗಲಿ, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕುದೇ ಆಗಲಿ, ಒಂದು ಕಂದನ್ನೂ ತಮ್ಮ ನೆಲದಲ್ಲಿ ಊರದಿರಲಿ, ಸೊರಗಿದ ಗಿಡವನ್ನು ಕಂಡೊಡನೆ ಮುಚ್ಚಿಡದೆ ಇಲಾಖೆಗೆ ತಿಳಿಸಲಿ.